ರಾಶಿ ಬಿದ್ದ ಸರಕು, ಸಿಕ್ಕಿಬಿದ್ದ ರೊಕ್ಕ

ಕಳೆದ ಸಂಚಿಕೆಯ ಅಂಕಣದಲ್ಲಿ ‘ದಾಸ್ತಾನು ಎಂದರೆ ಆಸ್ತಿಯಲ್ಲ, ನಡೆಯುವುದನ್ನು ಮರೆತು ನಿಂತ ರೊಕ್ಕ’ ಎಂದು ಬರೆದಿದ್ದೆ. ಅದನ್ನು ಒಪ್ಪಿದವರಿಗಿಂತ ಜಗಳಕ್ಕೆ ಬಂದವರೇ ಹೆಚ್ಚು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ವ್ಯವಹಾರದ ಒಳಗುಟ್ಟು ಇರುವುದರಿಂದ ಬರೆದವರ ಹೆಸರುಗಳನ್ನು ಕೈಬಿಟ್ಟಿದೆ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಜೀನ್ಸ್ ಹೊಲಿಗೆ ಘಟಕವಿದೆ. ಬಟ್ಟೆಯನ್ನು ಅಹಮದಾಬಾದಿನಿಂದ ತರಿಸುತ್ತೇವೆ. ಕಟಿಂಗ್, ಹೊಲಿಗೆ, ಕಾಜ (ಗುಂಡಿ ತೂರಿಸುವ ರಂಧ್ರ) ನಮ್ಮಲ್ಲೇ ಆಗುತ್ತವೆ. ವಾಷಿಂಗ್‌ಗೆ ವಾರಕ್ಕೊಮ್ಮೆ ಹೊರಗೆ ಕಳಿಸುತ್ತೇವೆ. ಕಟಿಂಗ್ ಮಾಸ್ಟರ್ ದಿನಕ್ಕೆ 500 ಪ್ಯಾಂಟು ಕತ್ತರಿಸಬಲ್ಲರು, ಹೊಲಿಗೆಯಲ್ಲಿ 380 ಆಗುತ್ತವೆ, ಕಾಜ ಯಂತ್ರ ಒಂದೇ ಇದೆ, ಕೊನೆಗೆ ಹೊರಡುವುದು 300. ಯಾರೂ ಸುಮ್ಮನೆ ಕೂತಿಲ್ಲ. ಆದರೂ ಪಾರ್ಟಿಗೆ ಹೇಳಿದ ದಿನ ಮಾಲು ಕೊಡಲಾಗುತ್ತಿಲ್ಲ, ಕೈಯಲ್ಲಿ ರೊಕ್ಕವೂ ನಿಲ್ಲುತ್ತಿಲ್ಲ. ಮೊನ್ನೆ ಎಣಿಸಿ ನೋಡಿದರೆ ಒಂದಲ್ಲ ಒಂದು ಹಂತದಲ್ಲಿ 6,000 ಪ್ಯಾಂಟು ಬಿದ್ದಿದ್ದವು. ಇನ್ನೂ ನಾಲ್ಕು ಹೊಲಿಗೆ ಯಂತ್ರ ಕೊಂಡರೆ ಸರಿಹೋದೀತೆ? (ಘಟಕದ ಮಾಲೀಕರು, ಬಳ್ಳಾರಿ)

ಉತ್ತರ: ಕೊಳ್ಳಬೇಡಿ, ಕೊಂಡರೆ ಈಗಿರುವ ರಾಶಿಯ ಪಕ್ಕದಲ್ಲಿ ಇನ್ನೊಂದು ರಾಶಿ ಏಳುತ್ತದೆ, ಅಷ್ಟೇ. ನೀವು ಎಣಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಹೆಚ್ಚಿನ ಮಾಲೀಕರಿಗೆ ತಿಂಗಳ ಬಿಲ್ಲು ಬಾಯಿಪಾಠವಿರುತ್ತದೆ, ಒಳಗೆ ಬಿದ್ದಿರುವ ಮಾಲಿನ ಲೆಕ್ಕ ಇರುವುದಿಲ್ಲ. ಆ ಎಣಿಕೆಯಿಂದಲೇ ಆರಂಭಿಸೋಣ. ಒಳಗಿರುವ ಒಟ್ಟು ಸರಕನ್ನು ದಿನಕ್ಕೆ ಹೊರಬೀಳುವ ಸರಕಿನಿಂದ ಭಾಗಿಸಿದರೆ, ಒಂದು ಸರಕು ಒಳಗೆ ಸರಾಸರಿ ಎಷ್ಟು ದಿನ ಉಳಿಯುತ್ತದೆ ಎಂಬುದು ಸಿಗುತ್ತದೆ. ಇದನ್ನು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದವರು ಅಮೆರಿಕದ ಜಾನ್ ಲಿಟ್ಲ್; ಆದ್ದರಿಂದ ಇದಕ್ಕೆ ಲಿಟ್ಲ್‌ನ ನಿಯಮ ಎಂದೇ ಹೆಸರು. ನಿಮ್ಮ 6,000ವನ್ನು 300ರಿಂದ ಭಾಗಿಸಿದರೆ 20 ದಿನ. ಒಂದು ಪ್ಯಾಂಟಿನ ಮೇಲೆ ನಿಜವಾಗಿ ಕೆಲಸ ನಡೆಯುವ ಹೊತ್ತನ್ನೆಲ್ಲ ಕೂಡಿಸಿದರೆ, ತೊಳೆದು ಒಣಗಿಸುವುದನ್ನೂ ಸೇರಿಸಿಕೊಂಡರೂ, ಒಂದು ದಿನ ದಾಟುವುದು ಕಷ್ಟ. ಉಳಿದ 19 ದಿನ ಅದು ಚಿಂದಿ ಬಟ್ಟೆಯಲ್ಲಿ ಕಟ್ಟಿದ ಗಂಟಾಗಿ, ಸೈಜು ಬರೆದ ಚೀಟಿ ಸಿಕ್ಕಿಸಿಕೊಂಡು, ಮೂಲೆಯಲ್ಲಿ ಧೂಳು ಕುಡಿಯುತ್ತ ಕೂತಿರುತ್ತದೆ. ಪಾರ್ಟಿಗೆ ನೀವು ಹತ್ತು ದಿನದ ಮಾತು ಕೊಡುತ್ತಿದ್ದರೆ, ಆ ಮಾತು ತಪ್ಪುವುದು ಕೆಲಸಗಾರರ ಸೋಮಾರಿತನದಿಂದಲ್ಲ. ಮಾತು ಕೊಟ್ಟ ದಿನವೇ ಲೆಕ್ಕದಲ್ಲಿ ಅದು ತಪ್ಪಿ ಆಗಿರುತ್ತದೆ.

ರಾಶಿ ಬೀಳುವುದು ಎಲ್ಲಿ? ಹೊಲಿಗೆಯಿಂದ 380 ಬರುತ್ತವೆ, ಹೊರಡುವುದು 300 ಎಂದಮೇಲೆ ಹೊಲಿಗೆಯ ಆಚೆ ಎಲ್ಲೋ ಗಂಟಲು ಬಿಗಿದಿದೆ, ಮತ್ತು ನೀವೇ ಬರೆದಂತೆ ಕಾಜ ಯಂತ್ರ ಒಂದೇ. ಇಡೀ ಘಟಕದ ವೇಗ ಅದೇ ಯಂತ್ರದ ವೇಗ. ಅದು ದಿನಕ್ಕೆ ಹತ್ತು ಗಂಟೆ ಓಡಿ 300 ಕಾಜ ಮುಗಿಸುತ್ತದೆ ಎಂದಾದರೆ, ಸೂಜಿ ಮುರಿದು ಒಂದು ಗಂಟೆ ನಿಂತ ದಿನ ನೀವು ಕಳೆದುಕೊಳ್ಳುವುದು ಒಬ್ಬ ಕೆಲಸಗಾರನ ಒಂದು ಗಂಟೆಯ ಕೂಲಿಯನ್ನಲ್ಲ, ಇಡೀ ಘಟಕದ 30 ಪ್ಯಾಂಟುಗಳನ್ನು. ಅದೇ ಕಟಿಂಗ್ ಮೇಜು ಒಂದು ಗಂಟೆ ನಿಂತರೆ ಹೋಗುವುದು ಏನೂ ಇಲ್ಲ. ಆದರೆ ನಮ್ಮ ಕಣ್ಣಿಗೆ ಎರಡೂ ಒಂದೇ ಬಗೆಯ ನಷ್ಟವಾಗಿ ಕಾಣುತ್ತವೆ, ಮತ್ತು ಕಟಿಂಗ್ ಮಾಸ್ಟರ್ ಕೈಕಟ್ಟಿ ನಿಂತರೆ ಮಾಲೀಕರಿಗೆ ತಡೆಯಲಾಗುವುದಿಲ್ಲ. ಅವರಿಗೆ ಕೆಲಸ ಇರಲೆಂದು ಇನ್ನೊಂದು ಥಾನು ಬಿಚ್ಚಿ ಕೊಡುತ್ತೀರಿ. ಕತ್ತರಿಸದೆ ಇದ್ದಿದ್ದರೆ ಯಾವ ಸೈಜಿಗಾದರೂ ಆಗಬಹುದಿದ್ದ ಬಟ್ಟೆ, ಇವತ್ತು ಯಾರೂ ಕೇಳದ ಸೈಜಿನ ಗಂಟಾಗಿ ರಾಶಿಗೆ ಸೇರುತ್ತದೆ.

ಆದ್ದರಿಂದ ಮೊದಲ ಕೆಲಸ, ಕಾಜ ಯಂತ್ರ ಎಷ್ಟು ಮುಗಿಸುತ್ತದೋ ಅಷ್ಟನ್ನೇ ಕತ್ತರಿಸುವುದು. ಎರಡನೆಯದು, ಆ ಯಂತ್ರ ಊಟದ ಹೊತ್ತಿನಲ್ಲೂ ನಿಲ್ಲದಂತೆ ಇನ್ನೊಬ್ಬರಿಗೆ ಅದನ್ನು ಕಲಿಸಿ, ಸೂಜಿ, ಬೆಲ್ಟುಗಳನ್ನು ಕೈಗೆಟುಕುವಲ್ಲಿ ಇಡುವುದು. ಇದಾದಮೇಲೂ ಬೇಡಿಕೆ ಉಳಿದರೆ ಆಗ ಕೊಳ್ಳಬೇಕಾದದ್ದು ಎರಡನೆಯ ಕಾಜ ಯಂತ್ರವೇ ಹೊರತು ಹೊಲಿಗೆ ಯಂತ್ರವಲ್ಲ. ಮೂರನೆಯದು, ವಾಷಿಂಗ್. ವಾರಕ್ಕೊಮ್ಮೆ ಟೆಂಪೊ ಹೋಗುವುದಾದರೆ ಪ್ರತಿ ಪ್ಯಾಂಟು ಸರಾಸರಿ ಮೂರೂವರೆ ದಿನ ಬಾಗಿಲಲ್ಲೇ ಕಾಯುತ್ತದೆ. ಎರಡು ದಿನಕ್ಕೊಮ್ಮೆ ಕಳಿಸಿದರೆ ಒಂದು ದಿನ ಮಾತ್ರ. ಬಾಡಿಗೆ ಹೆಚ್ಚುತ್ತದೆ ಎನ್ನುವುದು ನಿಜ; ಪಕ್ಕದ ಘಟಕದವರೊಂದಿಗೆ ಒಂದೇ ಟೆಂಪೊ ಹಂಚಿಕೊಳ್ಳಲು ಆಗುವುದಿಲ್ಲವೇ ನೋಡಿ. ಒಂದೇ ಥಾನಿನ ಬಟ್ಟೆ ಬೇರೆ ಬೇರೆ ಲಾಟಿನಲ್ಲಿ ತೊಳೆದರೆ ಶೇಡ್ ಒಂದಕ್ಕೊಂದು ಹೊಂದುವುದಿಲ್ಲ ಎಂಬ ಭಯ ನಿಮಗಿರಬಹುದು. ಅದಕ್ಕೆ ಕತ್ತರಿಸುವಾಗಲೇ ಥಾನಿನ ಅಳತೆಗೆ ಲಾಟು ಮಾಡಬೇಕು. ಚೀಟಿಯಲ್ಲಿ ಸೈಜಿನ ಜೊತೆಗೆ ಥಾನಿನ ನಂಬರನ್ನೂ ಬರೆಯಬೇಕು.

ಬಟ್ಟೆ, ಕೂಲಿ ಸೇರಿ ಒಂದು ಪ್ಯಾಂಟಿಗೆ ₹280 ಹಿಡಿದರೆ ಈಗ ನಿಮ್ಮ ₹16.80 ಲಕ್ಷ ಆ ಗಂಟುಗಳಲ್ಲಿದೆ. ರಾಶಿ 3,000ಕ್ಕೆ ಇಳಿದರೆ, ದಿನಕ್ಕೆ ಅದೇ 300 ಹೊರಡುತ್ತಿದ್ದರೂ, ₹8.40 ಲಕ್ಷ ಕೈಗೆ ಬರುತ್ತದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದ ರೊಕ್ಕವಾದರೆ ತಿಂಗಳಿಗೆ ₹16,800 ಉಳಿತಾಯ, ಮತ್ತು ಮಾಲು ಹತ್ತೇ ದಿನಕ್ಕೆ ಸಿದ್ಧ. ಒಂದು ಎಚ್ಚರಿಕೆ ಮಾತ್ರ ಬೇಕು. ಹೊಲಿಯುವವರಿಗೆ ನೀವು ಪೀಸಿನ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರೆ, 380ನ್ನು 300ಕ್ಕೆ ಇಳಿಸಿದ ಹೊರೆ ನೇರವಾಗಿ ಅವರ ಸಂಸಾರದ ಮೇಲೆ ಬೀಳುತ್ತದೆ, ಮತ್ತು ಅವರು ಈ ಬದಲಾವಣೆಯನ್ನು ನಡೆಯಲು ಬಿಡುವುದಿಲ್ಲ. ಬಿಡಬೇಕೆಂದು ಕೇಳುವುದೂ ನ್ಯಾಯವಲ್ಲ. ಅವರಲ್ಲಿ ಇಬ್ಬರನ್ನು ಕಾಜಕ್ಕೆ, ದಾರ ಕತ್ತರಿಸುವುದಕ್ಕೆ ತಿರುಗಿಸಿ, ಮೊದಲ ಎರಡು ತಿಂಗಳು ಹಿಂದಿನ ಸರಾಸರಿ ಕೂಲಿ ಖಚಿತವೆಂದು ಮೊದಲೇ ಹೇಳಿಬಿಡಿ. ಉಳಿಯುವ ಬಡ್ಡಿಯ ರೊಕ್ಕದಿಂದಲೇ ಅದನ್ನು ತುಂಬಬಹುದು.

ಪ್ರಶ್ನೆ: ಕಾರ್ಯಾಚರಣೆ ನಿರ್ವಹಣೆಗೂ ಪೂರೈಕೆ ಸರಪಳಿ ನಿರ್ವಹಣೆಗೂ ಇರುವ ವ್ಯತ್ಯಾಸವೇನು? ಪಠ್ಯದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. (ಬಿ.ಕಾಂ. ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಕಾರಟಗಿಯ ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ನಿಂತುಕೊಳ್ಳಿ. ಒಳಗೆ ಭತ್ತವನ್ನು ಸೋಸುವುದು, ಹೊಟ್ಟು ಬಿಡಿಸುವುದು, ಪಾಲಿಶ್ ಮಾಡುವುದು, ನುಚ್ಚು ಬೇರ್ಪಡಿಸುವುದು, ಚೀಲಕ್ಕೆ ತುಂಬುವುದು ಇವೆಲ್ಲ ಕಾರ್ಯಾಚರಣೆ. ಯಾವ ಯಂತ್ರ ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ನಷ್ಟ ಎಂಬುದು ಅದರ ಚಿಂತೆ. ಗೇಟಿನ ಹೊರಗೆ ಕೊಯ್ಲು ಯಂತ್ರದವರು, ರೈತರು, ದಲ್ಲಾಳಿ, ಲಾರಿ, ಬೆಂಗಳೂರಿನ ಸಗಟು ಅಂಗಡಿ, ಅಲ್ಲಿಂದ ಬಡಾವಣೆಯ ಕಿರಾಣಿ ಅಂಗಡಿ, ಹೀಗೆ ಬೇರೆ ಬೇರೆ ಯಜಮಾನರಿರುವ ಕೊಂಡಿಗಳು ಸೇರಿದ್ದು ಪೂರೈಕೆ ಸರಪಳಿ. ಒಳಗೆ ಆಜ್ಞೆ ನಡೆಯುತ್ತದೆ, ಹೊರಗೆ ಒಪ್ಪಂದ ಮಾತ್ರ ನಡೆಯುತ್ತದೆ. ನನ್ನ ಮಟ್ಟಿಗೆ ಅಸಲು ವ್ಯತ್ಯಾಸ ಇದೇ. ಸರಪಳಿಯಲ್ಲಿ ಸರಕು ರೈತನಿಂದ ಗ್ರಾಹಕನತ್ತ ಹರಿಯುತ್ತದೆ, ರೊಕ್ಕ ಗ್ರಾಹಕನಿಂದ ರೈತನತ್ತ ಹರಿಯುತ್ತದೆ, ಮಾಹಿತಿ ಎರಡೂ ಕಡೆ ಹರಿಯಬೇಕು. ಮೂರನೆಯದು ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಮುಂದೆ ಸಿಂಧನೂರಿನವರ ಪ್ರಶ್ನೆಯಲ್ಲಿ ನೋಡಿ. ಪರೀಕ್ಷೆಗೆ ಬೇಕಾದರೆ ಇದನ್ನೂ ಬರೆದಿಟ್ಟುಕೊಳ್ಳಿ: ‘ಪೂರೈಕೆ ಸರಪಳಿ ನಿರ್ವಹಣೆ’ ಎಂಬ ಮಾತನ್ನು 1982ರಲ್ಲಿ ಬಳಕೆಗೆ ತಂದವರು ಕೀತ್ ಆಲಿವರ್ ಎಂಬ ಸಲಹೆಗಾರರು.

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಸಣ್ಣ ಗಿರಣಿ. ನಮ್ಮ ಬ್ರ್ಯಾಂಡ್ ಮುದ್ರಿಸಿದ ಪ್ಲಾಸ್ಟಿಕ್ ಚೀಲ ವರ್ಷಕ್ಕೆ 60,000 ಬೇಕಾಗುತ್ತವೆ. ಬೆಲೆ ₹18. ಒಮ್ಮೆಗೇ 30,000 ತೆಗೆದುಕೊಂಡರೆ ಚೀಲಕ್ಕೆ 50 ಪೈಸೆ ಕಡಿಮೆ ಮಾಡುತ್ತಾರೆ. ವರ್ಷಕ್ಕೆ ₹30,000 ಉಳಿಯುತ್ತದಲ್ಲ ಎಂದು ಹಾಗೇ ತರಿಸುತ್ತಿದ್ದೇವೆ. ನಿಮ್ಮ ಲೇಖನ ಓದಿದಮೇಲೆ ಅನುಮಾನ ಬಂದಿದೆ. (ಗಿರಣಿ ಪಾಲುದಾರರು, ಗಂಗಾವತಿ)

ಉತ್ತರ: ಅನುಮಾನ ಬಂದದ್ದು ಒಳ್ಳೆಯದು. ಖರೀದಿಯಲ್ಲಿ ಎರಡು ಖರ್ಚುಗಳು ಒಂದನ್ನೊಂದು ಎದುರು ಬದುರು ಎಳೆಯುತ್ತವೆ. ಪದೇ ಪದೇ ತರಿಸಿದರೆ ಪ್ರತಿ ಸಲ ಮುದ್ರಣದ ತಯಾರಿ, ಸಾಗಣೆ, ಓಡಾಟದ ಖರ್ಚು ಬೀಳುತ್ತದೆ; ಒಮ್ಮೆಗೇ ತರಿಸಿದರೆ ಬಡ್ಡಿ, ಜಾಗ, ಇಲಿ, ತೇವ ಎಲ್ಲ ಸೇರಿ ಇಟ್ಟುಕೊಳ್ಳುವ ಖರ್ಚು ಏರುತ್ತದೆ. ಇವೆರಡರ ಮೊತ್ತ ಎಲ್ಲಿ ಅತಿ ಕಡಿಮೆಯಾಗುತ್ತದೆಂದು ಕಂಡುಹಿಡಿಯುವ ಸೂತ್ರವನ್ನು ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿಯೇ ಕೊಟ್ಟರು. ಕಾರು ತಯಾರಿಸಿದ ಹೆನ್ರಿ ಫೋರ್ಡ್ ಬೇರೆ, ಇವರು ಬೇರೆ. ವರ್ಷದ ಬೇಡಿಕೆಯನ್ನು ಒಂದು ಸಲದ ಆರ್ಡರ್ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ಬಂದದ್ದಕ್ಕೆ ವರ್ಗಮೂಲ ತೆಗೆಯಬೇಕು.

ನಿಮ್ಮ ಆರ್ಡರ್ ಖರ್ಚನ್ನು ಸಲಕ್ಕೆ ₹1,500 ಎಂದೂ, ಇಟ್ಟುಕೊಳ್ಳುವ ಖರ್ಚನ್ನು ಬೆಲೆಯ ಶೇ 20, ಅಂದರೆ ಚೀಲಕ್ಕೆ ವರ್ಷಕ್ಕೆ ₹3.60 ಎಂದೂ ಹಿಡಿಯುತ್ತೇನೆ. 60,000 × 1,500 × 2 ಅನ್ನು 3.60ರಿಂದ ಭಾಗಿಸಿದರೆ 5 ಕೋಟಿ. ಅದರ ವರ್ಗಮೂಲ ಸುಮಾರು 7,000. ಅಂದರೆ ಆರು ವಾರಕ್ಕೊಮ್ಮೆ 7,000 ಚೀಲ. ಆಗ ವರ್ಷದ ಆರ್ಡರ್ ಖರ್ಚು, ಇಟ್ಟುಕೊಳ್ಳುವ ಖರ್ಚು ಕೂಡಿ ಸುಮಾರು ₹25,500. ನೀವು ಈಗ ಮಾಡುತ್ತಿರುವಂತೆ 30,000 ತರಿಸಿದರೆ ಗೋದಾಮಿನಲ್ಲಿ ಸರಾಸರಿ 15,000 ಚೀಲ ಇರುತ್ತವೆ; ಕಡಿಮೆ ಬೆಲೆಯ ಮೇಲೆಯೇ ಲೆಕ್ಕ ಹಾಕಿದರೂ ಅದಕ್ಕೆ ₹52,500, ಎರಡು ಆರ್ಡರಿಗೆ ₹3,000, ಒಟ್ಟು ₹55,500. ಹೆಚ್ಚು ಬಿದ್ದದ್ದು ₹30,000. ರಿಯಾಯಿತಿಯಲ್ಲಿ ಉಳಿಸಿದ್ದೂ ₹30,000. ಸರಿಸಮ ಆಯಿತು. ಚೀಲದ ವ್ಯಾಪಾರಿ ನಿಮಗೆ ಉಪಕಾರ ಮಾಡಿಲ್ಲ, ತನ್ನ ಗೋದಾಮನ್ನು ನಿಮ್ಮ ಗಿರಣಿಗೆ ಸಾಗಿಸಿದ್ದಾನೆ.

ಸರಿಸಮವಾದರೆ ಇರಲಿ ಬಿಡಿ ಎನ್ನುವಂತೆಯೂ ಇಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಂತು. ಆಗ ಅಂಗಡಿಗಳಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡದ್ದು ನಿಮಗೆ ಹೇಳಬೇಕಾಗಿಲ್ಲ. 25 ಕೆ.ಜಿ. ಎಂದು ಮುದ್ರಿಸಿದ ಆರು ತಿಂಗಳ ಚೀಲ ಗೋದಾಮಿನಲ್ಲಿದ್ದವರ ಪಾಡು ಏನಾಗಿರಬೇಕೆಂದು ಊಹಿಸಿ. ಮುದ್ರಣವಿರುವ ಯಾವುದೇ ವಸ್ತುವಿಗೆ ಕೊಳೆಯದೆಯೂ ಕೆಡುವ ಗುಣವಿದೆ. ಸೂತ್ರದಲ್ಲಿ ಅದಕ್ಕೊಂದು ಅಕ್ಷರವಿಲ್ಲ, ಶೇ 20ರ ಬದಲು ಶೇ 25 ಹಿಡಿದು ನಾವೇ ಸರಿದೂಗಿಸಿಕೊಳ್ಳಬೇಕು.

ನಾನು ಹಿಡಿದ ಅಂಕಿಗಳು ನಿಮ್ಮಲ್ಲಿ ಬೇರೆ ಇರಬಹುದು, ಹೆದರಬೇಡಿ. ಈ ಸೂತ್ರದ ಸೊಗಸೇ ಅದು: ಸರಿಯಾದ ಪ್ರಮಾಣದ ಎರಡರಷ್ಟು ತರಿಸಿದರೂ ಈ ಎರಡು ಖರ್ಚುಗಳ ಮೊತ್ತ ಏರುವುದು ಕಾಲುಭಾಗ ಮಾತ್ರ. 7,000 ಆಗಲಿ, ಲಾರಿಗೆ ಹೊಂದುವಂತೆ 10,000 ಆಗಲಿ, ನಡೆಯುತ್ತದೆ. 30,000 ಮಾತ್ರ ಬೇಡ.

ಪ್ರಶ್ನೆ: ದಾಸ್ತಾನು ನಿಂತ ರೊಕ್ಕ ಎನ್ನುತ್ತೀರಿ. ನಮ್ಮೂರಿನ ಉಷ್ಣವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನಲ್ಲಿ ಕಲ್ಲಿದ್ದಲಿನ ಗುಡ್ಡೆ ಕರಗಿತೆಂದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಗುಡ್ಡೆ ಇದ್ದರೆ ಎಲ್ಲರಿಗೂ ನೆಮ್ಮದಿ. ಹಾಗಾದರೆ ನಿಮ್ಮ ಮಾತು ಸುಳ್ಳಲ್ಲವೇ? (ನಿವೃತ್ತ ನೌಕರರು, ಶಕ್ತಿನಗರ)

ಉತ್ತರ: ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ನನ್ನ ಮಾತಿಗೆ ‘ಏತಕ್ಕೆಂದು ಗೊತ್ತಿಲ್ಲದ’ ಎಂಬ ವಿಶೇಷಣ ಸೇರಬೇಕಿತ್ತು.

ನಿಮ್ಮ ಸ್ಥಾವರವನ್ನೇ ತೆಗೆದುಕೊಳ್ಳೋಣ. 210 ಮೆಗಾವಾಟಿನ ಏಳು ಮತ್ತು 250 ಮೆಗಾವಾಟಿನ ಒಂದು ಘಟಕ, ಒಟ್ಟು 1,720 ಮೆಗಾವಾಟ್. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ, ಎಂಟೂ ಘಟಕಗಳು ಪೂರ್ತಿ ಓಡುವ ದಿನ ಹತ್ತಿರ ಹತ್ತಿರ 29,000 ಟನ್ ಬೇಕು. ಒಂದು ರೈಲು ರೇಕಿನಲ್ಲಿ ಬರುವುದು ಸುಮಾರು 4,000 ಟನ್. ಆದ್ದರಿಂದ ದಿನಕ್ಕೆ ಏಳು ರೇಕು. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ಪ್ರತಿದಿನ ತಪ್ಪದೆ ಏಳೇ ರೇಕು ಬರುವುದಾಗಿದ್ದರೆ ಗುಡ್ಡೆಯ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಗಣಿಯಲ್ಲಿ ಮಳೆ ಬಿದ್ದ ವಾರ ನಾಲ್ಕು ಬರುತ್ತವೆ, ಇನ್ನೊಂದು ದಿನ ಒಂಬತ್ತು ಬರುತ್ತವೆ. ಸರಾಸರಿ ಸರಿಯಾಗಿಯೇ ಇರುತ್ತದೆ, ಬಾಯ್ಲರಿಗೆ ಮಾತ್ರ ಸರಾಸರಿಯ ಭಾಷೆ ತಿಳಿಯುವುದಿಲ್ಲ. ಈ ಏರುಪೇರಿಗಾಗಿಯೇ ಇಡುವುದು ಸುರಕ್ಷಾ ದಾಸ್ತಾನು. ಬರುವ ದಾರಿ ದೂರವಾದಷ್ಟೂ ಅದು ಬೆಳೆಯಬೇಕು, ಆದರೆ ಅದೇ ಪ್ರಮಾಣದಲ್ಲಲ್ಲ: ಮಾಲು ಬರಲು ಹಿಡಿಯುವ ದಿನಗಳು ನಾಲ್ಕು ಪಟ್ಟಾದರೆ ಬೇಡಿಕೆಯ ಏರುಪೇರಿಗಾಗಿ ಇಡುವ ದಾಸ್ತಾನು ಎರಡು ಪಟ್ಟು ಸಾಕು.

ಗುಡ್ಡೆಗೂ ಬಳ್ಳಾರಿಯ ಗಂಟುಗಳಿಗೂ ಇರುವ ಭೇದ ಇಲ್ಲಿದೆ. ಕಲ್ಲಿದ್ದಲು ಎಷ್ಟು ದಿನದ್ದು, ಯಾವ ಅಪಾಯಕ್ಕಾಗಿ ಎಂದು ಲೆಕ್ಕ ಹಾಕಿ ಇಟ್ಟದ್ದು. ಅದು ಮುಗಿದರೆ ಆಗುವ ನಷ್ಟ ಅದರ ಬಡ್ಡಿಗಿಂತ ಬಹಳ ದೊಡ್ಡದು. ಗಂಟುಗಳನ್ನು ಯಾರೂ ಇಟ್ಟದ್ದಲ್ಲ, ಅವು ಬಿದ್ದವು. ದಾಸ್ತಾನಿಲ್ಲದೆ ನಡೆಸುವುದಕ್ಕೆ ಹೆಸರಾದ ಜಪಾನಿನ ಟೊಯೊಟಾ ಕಂಪನಿ ಕೂಡ 2011ರ ಭೂಕಂಪದ ಬಳಿಕ ಪಾಠ ಕಲಿತು, ಕಾರಿನ ಚಿಪ್‌ಗಳನ್ನು ತಿಂಗಳುಗಟ್ಟಲೆ ಕೂಡಿಡುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಸಿಗದೆ ಬೇರೆ ಕಾರ್ಖಾನೆಗಳು ನಿಂತಾಗ ಅದರವು ಬಹುಪಾಲು ಓಡುತ್ತಿದ್ದವು.

ಇದೇ ಮಾತಿಗೆ ಬಿಡಿಭಾಗಗಳೂ ಸೇರುತ್ತವೆ, ಮತ್ತು ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೆ. ವರ್ಷಕ್ಕೆ ಬಳಕೆಯಾಗುವ ಒಟ್ಟು ಬೆಲೆಯ ಮೇಲೆ ವಸ್ತುಗಳನ್ನು ಎ, ಬಿ, ಸಿ ಎಂದು (ಸಿ ಎಂದರೆ ಅತಿ ಕಡಿಮೆಯದು) ವಿಂಗಡಿಸುವುದನ್ನು ಆಗಷ್ಟೇ ಕಲಿತಿದ್ದ ಉತ್ಸಾಹದಲ್ಲಿ, ಇನ್ನೂರು ರೂಪಾಯಿಯೂ ಬಾಳದ ಒಂದು ಆಯಿಲ್ ಸೀಲನ್ನು ‘ಸಿ’ ಪಟ್ಟಿಗೆ ಹಾಕಿ, ಮುಗಿದಾಗ ತರಿಸಿದರಾಯಿತು ಎಂದು ಬಿಟ್ಟೆ. ಅದು ಹೋದದ್ದು ಶನಿವಾರ ಸಂಜೆ. ಕನ್ವೇಯರಿನ ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿ ಇಡೀ ಸಾಲು ನಿಂತಿತು. ಹುಬ್ಬಳ್ಳಿಯ ಅಂಗಡಿಯವರು ಭಾನುವಾರ ಬಾಗಿಲು ತೆಗೆದು, ರಾತ್ರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸೀಲು ಕೊಟ್ಟು ಕಳಿಸಿ, ಅದು ಸೋಮವಾರ ಬೆಳಿಗ್ಗೆ ನಮ್ಮ ಕೈ ಸೇರುವವರೆಗೆ ನಾನು ಬಸ್ ನಿಲ್ದಾಣದಲ್ಲಿದ್ದೆ. ಬೆಲೆಯ ಪಟ್ಟಿಯೊಂದೇ ಸಾಲದು. ಇಲ್ಲದಿದ್ದರೆ ಪ್ರಾಣ ಹೋಗುವಂಥದ್ದು, ಅಗತ್ಯವಾದದ್ದು, ಇದ್ದರೆ ಅನುಕೂಲ ಎನ್ನುವಂಥದ್ದು ಎಂಬ ಇನ್ನೊಂದು ವಿಂಗಡಣೆ ಬೇಕು. ನಮ್ಮ ದೇಶದ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳ ಔಷಧಿ ಉಗ್ರಾಣಗಳಲ್ಲಿ ಇದು ವಿಇಡಿ ಪದ್ಧತಿ ಎಂದು ಬಳಕೆಯಲ್ಲಿದೆ. ಬಳ್ಳಾರಿಯವರ ಕಾಜ ಯಂತ್ರದ ಸೂಜಿ ಬೆಲೆಯಲ್ಲಿ ‘ಸಿ’, ಈ ಪಟ್ಟಿಯಲ್ಲಿ ಪ್ರಾಣ.

ಈ ಭಾಗದವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಆ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಇಳಿಸಬೇಕಾದ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ತಯಾರಾಗಿ ಕೂರುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು, ಅಷ್ಟು ದಿನವೂ ಎರಡನೇ ಬೆಳೆಯ ನೀರು ಕಣ್ಣೆದುರೇ ಹರಿದುಹೋಯಿತು. ಹರಿಯುವ ನೀರಿನಲ್ಲೇ ಅದನ್ನು ಕೂರಿಸಿದ ತಂತ್ರಜ್ಞರು, ಕಾರ್ಮಿಕರ ಸಾಹಸ ದೊಡ್ಡದೇ. ಆದರೂ ದಾಸ್ತಾನಿನ ಲೆಕ್ಕದವನಾಗಿ ನನ್ನ ತಲೆಯಲ್ಲಿ ಉಳಿದದ್ದು, ಎಪ್ಪತ್ತು ವರ್ಷ ಒಮ್ಮೆಯೂ ಬೇಕಾಗದ ವಸ್ತುವನ್ನು ಕೂಡ ಒಂದು ರಾತ್ರಿಗಾಗಿ ಇಟ್ಟುಕೊಂಡಿರಬೇಕಾಗುತ್ತದೆ ಎಂಬುದು.

ಪ್ರಶ್ನೆ: ನಾನು ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ನಾಟಿಯ ಹೊತ್ತಿಗೆ ಡಿಎಪಿ ಸಿಗದೆ ರೈತರು ಬೈಯುತ್ತಾರೆ, ಒಂದು ತಿಂಗಳಾದಮೇಲೆ ಗೋದಾಮಿನ ತುಂಬ ಮಾಲು ಬಂದು ಕೂರುತ್ತದೆ. ರೈತರ ಬೇಡಿಕೆ ಅಷ್ಟೇನೂ ಏರಿಳಿಯುವುದಿಲ್ಲ. ಇದು ಯಾರ ತಪ್ಪು? (ಅಂಗಡಿ ಮಾಲೀಕರು, ಸಿಂಧನೂರು)

ಉತ್ತರ: ಯಾರ ತಪ್ಪೂ ಇಲ್ಲದೆ ಇದು ಆಗಬಲ್ಲದು ಎಂಬುದೇ ಸ್ವಾರಸ್ಯ. ನೀವು ಯಾವಾಗಲೂ ಎರಡು ವಾರದ ಮಾಲು ಇಟ್ಟುಕೊಳ್ಳುವವರು, ವಾರಕ್ಕೆ 100 ಚೀಲ ಮಾರುವವರು ಎಂದುಕೊಳ್ಳೋಣ. ನಿಮ್ಮಲ್ಲಿ 200 ಚೀಲ ಇರುತ್ತವೆ, 100 ಹೋಗುತ್ತವೆ, 100 ತರಿಸುತ್ತೀರಿ. ‘ಈ ಸಲ ಗೊಬ್ಬರ ಸಿಗುವುದಿಲ್ಲವಂತೆ’ ಎಂಬ ಮಾತು ಹೋಟೆಲಿನಲ್ಲಿ ಹುಟ್ಟಿ, ಒಂದು ವಾರ 130 ಮಾರಾಟವಾಯಿತು. ಉಳಿದದ್ದು 70. ಈಗ ನಿಮ್ಮ ಎರಡು ವಾರದ ಲೆಕ್ಕ 260 ಆಯಿತು, ಆದ್ದರಿಂದ 190 ತರಿಸುತ್ತೀರಿ. ಸಗಟು ವ್ಯಾಪಾರಿಯದೂ ಇದೇ ನಿಯಮವಾದರೆ ಅವನ 200ರಲ್ಲಿ 190 ನಿಮಗೆ ಹೋಗಿ 10 ಉಳಿಯಿತು; ಅವನಿಗೆ ಈಗ 380 ಇರಬೇಕು; ಅವನು ಕಂಪನಿಗೆ 370 ಕೇಳುತ್ತಾನೆ. ರೈತ 30 ಹೆಚ್ಚು ಕೊಂಡದ್ದು ಕಂಪನಿಗೆ 270 ಹೆಚ್ಚಾಗಿ ಮುಟ್ಟಿತು. ಮುಂದಿನ ವಾರ ರೈತರು ಮತ್ತೆ 100ಕ್ಕೆ ಬಂದಾಗ ನಿಮ್ಮ ಆರ್ಡರ್ 40, ಸಗಟಿನವನದು ಸೊನ್ನೆ. ಬಾರುಕೋಲಿನ ಹಿಡಿಯನ್ನು ಕೈ ಸ್ವಲ್ಪ ಅಲುಗಿಸಿದರೆ ತುದಿ ಚಟೀರೆನ್ನುವ ಹಾಗೆ ಇದು. ಇಂಗ್ಲಿಷಿನವರು ಇದನ್ನು ಬುಲ್‌ವಿಪ್ ಎಂದೇ ಕರೆಯುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ಇದನ್ನು 1950ರ ದಶಕದ ಕೊನೆಯಲ್ಲಿ ಗುರುತಿಸಿದರು. ಮಗುವಿನ ಡಯಾಪರ್ ಮಾರುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯವರು, ಮಕ್ಕಳ ಸಂಖ್ಯೆ ವಾರದಿಂದ ವಾರಕ್ಕೆ ಏರಿಳಿಯದಿದ್ದರೂ ತಮಗೆ ಬರುವ ಆರ್ಡರ್ ಮಾತ್ರ ಕುಣಿಯುವುದನ್ನು ಕಂಡು ಬೆರಗಾಗಿದ್ದರು.

ಕೊರತೆಯ ಕಾಲದಲ್ಲಿ ಇದಕ್ಕೆ ಇನ್ನೊಂದು ರೋಗ ಸೇರುತ್ತದೆ. ಕೇಳಿದ್ದರಲ್ಲಿ ಅರ್ಧವೇ ಸಿಗುತ್ತದೆಂದು ಗೊತ್ತಾದವರು ಎರಡರಷ್ಟು ಕೇಳುತ್ತಾರೆ, ನೀವೂ ಕೇಳಿರುತ್ತೀರಿ. ಇದಕ್ಕೆ ಮದ್ದೆಂದರೆ, ಮೇಲಿನವರು ನಿಮ್ಮ ಆರ್ಡರನ್ನಲ್ಲ, ರೈತನಿಗೆ ನಿಜವಾಗಿ ಮಾರಿದ್ದನ್ನು ನೋಡಿ ಮಾಲು ಕಳಿಸುವುದು. 2018ರಿಂದ ಗೊಬ್ಬರದ ಸಬ್ಸಿಡಿ ಕಂಪನಿಗೆ ಸೇರುವುದು ನಿಮ್ಮ ಅಂಗಡಿಯ ಪಿಒಎಸ್ ಯಂತ್ರದಲ್ಲಿ ದಾಖಲಾದ ಮಾರಾಟದ ಮೇಲೆ. ಆದ್ದರಿಂದ ಆ ಮಾಹಿತಿ ಈಗಾಗಲೇ ಇದೆ. ರೈತ ಬಂದ ದಿನವೇ, ಅವನು ಕೊಂಡಷ್ಟನ್ನೇ ಯಂತ್ರದಲ್ಲಿ ಒತ್ತುವುದು ನಿಮ್ಮ ಕೈಯಲ್ಲಿದೆ. ವಾರದ ಕೊನೆಯಲ್ಲಿ ಒಟ್ಟಿಗೆ ಒತ್ತುವ ಅಭ್ಯಾಸವಿದ್ದರೆ, ಮೇಲಿನವರ ಕಣ್ಣಿಗೆ ನೀವೇ ಪಟ್ಟಿ ಕಟ್ಟಿದ ಹಾಗೆ.

ಪ್ರಶ್ನೆ: ನಮ್ಮದು ಸಣ್ಣ ವಾಷಿಂಗ್ ಘಟಕ. ಪಾರ್ಟಿಗಳು ಮೂರು ತಿಂಗಳಾದರೂ ಬಿಲ್ಲಿನ ರೊಕ್ಕ ಕೊಡುವುದಿಲ್ಲ. 45 ದಿನದ ಕಾನೂನು ನಮಗೂ ಅನ್ವಯಿಸುತ್ತದೆಯೇ? (ಬಳ್ಳಾರಿ)

ಉತ್ತರ: ಸಣ್ಣ ಉದ್ಯಮಗಳಿಗೆಂದಿರುವ ‘ಉದ್ಯಮ್’ ನೋಂದಣಿಯನ್ನು ನೀವು ಮಾಡಿಸಿದ್ದರೆ ಅನ್ವಯಿಸುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಪಾವತಿಸಬೇಕೆಂದು 2006ರ ಎಂಎಸ್ಎಂಇಡಿ ಕಾಯ್ದೆ ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲಿಯೂ ಇದಕ್ಕೆ ಕೊಂಡಿ ಬಿದ್ದಿದೆ: ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ನಿಜವಾಗಿ ಕೊಡುವವರೆಗೆ ಪಾರ್ಟಿ ತನ್ನ ಖರ್ಚೆಂದು ತೋರಿಸುವಂತಿಲ್ಲ. ವ್ಯಾಪಾರಿಗಳ ಬಾಯಲ್ಲಿ 43ಬಿ(ಎಚ್) ಎಂದು ಓಡಾಡುವುದು ಇದೇ.

ಕಾನೂನು ಹಿಡಿದು ಹೊರಟರೆ ಮುಂದಿನ ಲಾಟು ಪಕ್ಕದವರಿಗೆ ಹೋಗುತ್ತದೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಹಾಗಾಗಿ ದೂರಿಗಿಂತ ಮೊದಲು ಒಂದು ಸಣ್ಣ ಕೆಲಸ ಮಾಡಿ: ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ, ಪಾವತಿಯ ಕೊನೆಯ ದಿನಾಂಕವನ್ನೂ ಮುದ್ರಿಸಿ, ಅದರ ಒಂದು ಪ್ರತಿಯನ್ನು ಪಾರ್ಟಿಯ ಲೆಕ್ಕಪರಿಶೋಧಕರಿಗೂ ಮುಟ್ಟಿಸಿ. ಮಾರ್ಚ್ ತಿಂಗಳಿಗೆ ಮುಂಚೆಯೇ ಕಳಿಸಿ. ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಆ ದಿನಾಂಕ ಅವರ ಕಣ್ಣಿಗೆ ಬೀಳಬೇಕು.